ಆದಾಯ ಏರಿದೆ ಸರಿ, ಆದ್ರೆ ಏರಿಸಿದ್ದು ನಮ್ಮ ಪ್ರಾಜೆಕ್ಟೇನಾ?

ಪ್ರಶ್ನೆ: ನಾನು ಒಂದು ಸಣ್ಣ ಎನ್‌ಜಿಒದಲ್ಲಿ ಎಂ ಅಂಡ್ ಇ (ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್, ಅಂದ್ರೆ ಕೆಲಸದ ಮೇಲೆ ಕಣ್ಣಿಟ್ಟು ಅದರ ಫಲ ಅಳೆಯೋ) ಕೆಲಸ ನೋಡ್ಕೋತೀನಿ. ನಮ್ಮ ಮೂರು ವರ್ಷದ ಜೀವನೋಪಾಯ ಪ್ರಾಜೆಕ್ಟ್ ಮುಗೀತಾ ಬಂದಿದೆ. ತೀರಾ ಬಡ ಕುಟುಂಬಗಳನ್ನ ಆರಿಸಿ ಮೇಕೆ ಕೊಟ್ವಿ, ಟ್ರೈನಿಂಗ್ ಕೊಟ್ವಿ, ಉಳಿತಾಯ ಗುಂಪು ಮಾಡಿಸಿದ್ವಿ. ಶುರುವಿನ ಬೇಸ್‌ಲೈನ್ ಸರ್ವೆಗೆ ಹೋಲಿಸಿದ್ರೆ ಕೊನೇಲಿ ಮಾಡಿದ ಎಂಡ್‌ಲೈನ್ ಸರ್ವೆಲಿ ಸರಾಸರಿ ಆದಾಯ 30% ಜಾಸ್ತಿ ಬಂದಿದೆ. ನಮ್ಮ ಡೈರೆಕ್ಟರ್ "ಇಷ್ಟು ಕುಟುಂಬಗಳನ್ನ ಬಡತನದಿಂದ ಹೊರಗೆ ತಂದಿದೀವಿ" ಅಂತ ಡೋನರ್ ರಿಪೋರ್ಟಲ್ಲಿ ಬರೀಬೇಕು ಅಂತಾರೆ. ಹೊಸದಾಗಿ ಬೋರ್ಡಿಗೆ ಬಂದಿರೋ ಒಬ್ರು, ಆರ್‌ಸಿಟಿ (ಲಾಟರಿ ಹಾಕಿ ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸೋ ಅಧ್ಯಯನ) ಮಾಡಿಲ್ಲ ಅಂದ್ಮೇಲೆ ಈ ನಂಬರ್‌ಗೆಲ್ಲ ಬೆಲೆನೇ ಇಲ್ಲ ಅಂತಾರೆ. ಹೋಲಿಸಿ ನೋಡೋಣ ಅಂದ್ರೆ ನಾವು ಕೆಲಸ ಮಾಡದೇ ಇರೋ ಊರುಗಳ ಡೇಟಾ ನಮ್ಮ ಹತ್ರ ಇಲ್ಲ. ಸರ್ವೆ ಮಾಡಿದ್ದು ನಮ್ಮದೇ ಫೀಲ್ಡ್ ಸ್ಟಾಫ್. ಬೇಸ್‌ಲೈನ್‌ನಲ್ಲಿದ್ದ ಐದು ಮನೇಲಿ ಹತ್ರಹತ್ರ ಒಂದು ಮನೆ ಎಂಡ್‌ಲೈನ್‌ನಲ್ಲಿ ಸಿಕ್ಕೇ ಇಲ್ಲ. ಬಜೆಟ್‌ನಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಏನಂತ ಬರೀಲಿ, ಆ ದುಡ್ಡಲ್ಲಿ ಏನು ಮಾಡ್ಲಿ?

ಉತ್ತರ: ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಾಗಿದೆ ನಿಮ್ಮ ಕಥೆ. ಡೈರೆಕ್ಟರ್ ಹೇಳ್ತಿರೋದು ನಿಮ್ಮ ಡೇಟಾ ಹೊರೋಕೆ ಆಗದೇ ಇರೋ ಮಾತು, ಬೋರ್ಡ್ ಮೆಂಬರ್ ಹೇಳ್ತಿರೋದು ಅರ್ಧ ಸರಿ ಇರೋ ಮಾತು, ಮತ್ತೆ ಅರ್ಧ ಸರಿ ಇರೋ ಮಾತೇ ಮೀಟಿಂಗಲ್ಲಿ ಜಾಸ್ತಿ ತೊಂದ್ರೆ ಕೊಡೋದು. ನಿಮ್ಮ ಹತ್ರ ಇರೋ ಡೇಟಾಗೆ ಬೆಲೆ ಇದೆ, ಆದ್ರೆ ಅದು ಅವರಿಬ್ರೂ ಅಂದ್ಕೊಂಡಿರೋ ಪ್ರಶ್ನೆಗೆ ಉತ್ತರ ಅಲ್ಲ ಅಷ್ಟೇ.

ಎಂ ಅಂಡ್ ಇ ಅಂತ ಒಂದೇ ಉಸಿರಲ್ಲಿ ಹೇಳಿ ಹೇಳಿ ಎರಡನ್ನೂ ಒಂದೇ ಮಾಡ್ಬಿಟ್ಟಿದೀವಿ. ಮೇಕೆ ತಲುಪ್ತಾ, ಆರು ತಿಂಗಳಾದ್ಮೇಲೆ ಬದುಕಿತ್ತಾ, ಮರಿ ಹಾಕ್ತಾ, ಗುಂಪಿನ ಮೀಟಿಂಗಿಗೆ ಯಾರು ಬರೋದು ನಿಲ್ಲಿಸಿದ್ರು, ಮನೆ ಆದಾಯ ಎಲ್ಲಿಂದ ಎಲ್ಲಿಗೆ ಬಂತು, ಇದೆಲ್ಲ ಮಾನಿಟರಿಂಗ್. ಈ ಕುಟುಂಬಕ್ಕೆ ನೀವು ಏನೂ ಕೊಡದೇ ಇದ್ದಿದ್ರೆ ಅದು ಇವತ್ತು ಎಲ್ಲಿರ್ತಿತ್ತು ಅಂತ ಕೇಳೋದು ಇಂಪ್ಯಾಕ್ಟ್ ಇವ್ಯಾಲ್ಯುಯೇಷನ್. ಎರಡನೇ ಪ್ರಶ್ನೆಗೆ ಉತ್ತರ ಕಣ್ಣಿಗೆ ಕಾಣೋ ವಸ್ತು ಅಲ್ಲ, ಯಾಕಂದ್ರೆ ನೀವು ಕೊಡದೇ ಇದ್ದ ಆ ಬದುಕು ನಡೆದೇ ಇಲ್ಲ, ಅದನ್ನ ಬೇರೆ ಯಾರನ್ನಾದ್ರೂ ನೋಡಿ ಊಹಿಸಬೇಕು. ನಿಮ್ಮ 30% ಮೊದಲನೇ ಜಾತಿದು. ಅದನ್ನ ಎರಡನೇ ಜಾತಿ ಅಂತ ಹೇಳಿದ್ರೆ ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಅದೇ ಆಗತ್ತೆ.

ಇದು ಸಣ್ಣ ಸಂಸ್ಥೆಗಳಷ್ಟೇ ಮಾಡೋ ತಪ್ಪು ಅಂದ್ಕೋಬೇಡಿ. 2005ರ ಆಸುಪಾಸಲ್ಲಿ ಶುರುವಾದ ಮಿಲೇನಿಯಮ್ ವಿಲೇಜಸ್ ಪ್ರಾಜೆಕ್ಟ್ ಅಂತ ಒಂದಿತ್ತು, ಆಫ್ರಿಕಾದ ಹತ್ತು ದೇಶಗಳಲ್ಲಿ, ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅದರ ಹಿಂದೆ ಇದ್ರು. ಅವರ ಮಧ್ಯಂತರ ರಿಪೋರ್ಟ್‌ನಲ್ಲಿ ಮೊದಲು ಹೀಗಿತ್ತು ಈಗ ಹೀಗಿದೆ ಅಂತ ಹಳ್ಳಿಗಳ ಅಂಕಿ ಕೊಟ್ಟಿದ್ರು, ಅದ್ರಲ್ಲಿ ಮೊಬೈಲ್ ಫೋನ್ ಇರೋ ಮನೆಗಳ ಲೆಕ್ಕನೂ ಇತ್ತು. ಮೈಕಲ್ ಕ್ಲೆಮೆನ್ಸ್ ಮತ್ತೆ ಗೇಬ್ರಿಯಲ್ ಡೆಮೊಂಬೈನ್ಸ್ ಅನ್ನೋ ಇಬ್ಬರು ಸುತ್ತಲಿನ ಪ್ರದೇಶದ ಸರ್ಕಾರಿ ಸರ್ವೆ ಡೇಟಾ ತೆಗೆದು ಪಕ್ಕದಲ್ಲಿಟ್ಟು ನೋಡಿದ್ರೆ, ಪ್ರಾಜೆಕ್ಟ್ ಇಲ್ಲದ ಕಡೆಗಳಲ್ಲೂ ಮೊಬೈಲ್ ಹಾಗೇ ಏರಿತ್ತು, ಪ್ರಾಜೆಕ್ಟ್ ಬರಲಿ ಬಿಡಲಿ ಆ ವರ್ಷಗಳಲ್ಲಿ ಆಫ್ರಿಕಾ ತುಂಬ ಮೊಬೈಲ್ ಬರ್ತಾ ಇತ್ತು. ಆಮೇಲೆ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಆ ಹಳ್ಳಿಗಳಲ್ಲಿ ಮಕ್ಕಳ ಸಾವು ದೇಶದ ವೇಗಕ್ಕಿಂತ 3 ಪಟ್ಟು ಬೇಗ ಇಳೀತಿದೆ ಅಂತ ಬಂದ ಲೆಕ್ಕ ತಪ್ಪು ಅಂತ ಗೊತ್ತಾಗಿ ಆ ಮಾತನ್ನ ವಾಪಸ್ ತಗೋಬೇಕಾಯ್ತು. ಅಷ್ಟು ದೊಡ್ಡ ಹೆಸರು, ಅಷ್ಟು ದೊಡ್ಡ ಬಜೆಟ್, ಆದ್ರೂ ಹೋಲಿಕೆ ಅನ್ನೋದನ್ನ ಮೊದಲ ದಿನವೇ ಕಟ್ಟಿರಲಿಲ್ಲ ಅಂದ್ರೆ ಹೀಗಾಗತ್ತೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದನ್ನ ತುಂಬ ಜನ ಗಮನಿಸಲ್ಲ. ನೀವು "ತೀರಾ ಬಡ" ಕುಟುಂಬಗಳನ್ನ ಆರಿಸಿದ್ರಿ. ಆ ವರ್ಷ ಪಟ್ಟಿಯ ತಳದಲ್ಲಿ ಯಾರಿದ್ರು ಯೋಚನೆ ಮಾಡಿ. ಯಾವಾಗ್ಲೂ ಬಡವರಾಗಿರೋರು ಇದ್ರು, ಜೊತೆಗೆ ಆ ವರ್ಷವೇ ಕಾಲು ಮುರ್ಕೊಂಡು ಕೂಲಿ ತಪ್ಪಿದವರೂ ಇದ್ರು, ಬೆಳೆ ಹೋದವರು, ಮನೇಲಿ ಸಾವಾಗಿ ಸಾಲ ಆದವರೂ ಇದ್ರು. ಈ ಎರಡನೇ ಗುಂಪಿನವರು ಕಾಲು ವಾಸಿ ಆದ್ಮೇಲೆ ತಮ್ಮ ಮಾಮೂಲಿ ಮಟ್ಟಕ್ಕೆ ತಾವೇ ಬರ್ತಾರೆ, ನೀವು ಮೇಕೆ ಕೊಟ್ರೂ ಬರ್ತಾರೆ ಕೊಡದಿದ್ರೂ ಬರ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳೋದು ಅಂತಾರೆ. ಅತಿ ಕೆಟ್ಟ ಕ್ಷಣದಲ್ಲಿ ಒಬ್ಬರನ್ನ ಅಳತೆ ಮಾಡಿ ಮೂರು ವರ್ಷ ಬಿಟ್ಟು ಮತ್ತೆ ಅಳೆದ್ರೆ ಏರಿಕೆ ಕಾಣದೇ ಇದ್ರೇನೇ ಆಶ್ಚರ್ಯ. ಹಾಗಾಗಿ ಕಡುಬಡವರಿಗೆ ಅಂತ ಮಾಡಿದ ಪ್ರಾಜೆಕ್ಟ್‌ಗಳ ಬೇಸ್‌ಲೈನ್-ಎಂಡ್‌ಲೈನ್ ಏರಿಕೆ ಯಾವಾಗ್ಲೂ ಇರೋದಕ್ಕಿಂತ ಚೆನ್ನಾಗೇ ಕಾಣತ್ತೆ.

ಇನ್ನು ಆ 30% ಅನ್ನೋ ನಂಬರ್ ಹುಟ್ಟಿದ್ದು ಹೇಗೆ ಅಂತ ನೋಡೋಣ, ನಿಜವಾದ ಗಲಾಟೆ ಇರೋದು ಇಲ್ಲೇ. ಫಾರ್ಮಲ್ಲಿ "ಕಳೆದ 12 ತಿಂಗಳಲ್ಲಿ ನಿಮ್ಮ ಮನೆಯ ಒಟ್ಟು ಆದಾಯ ಎಷ್ಟು?" ಅಂತ ಒಂದೇ ಪ್ರಶ್ನೆ ಇತ್ತು ಅಂದ್ಕೊಳಿ. ಎದುರಿಗೆ ಕೂತಿರೋ ಹೆಂಗಸಿಗೆ ಎರಡು ಮೇಕೆ ಇದಾವೆ, ಒಂದು ಮರಿ ಮಾರಿದಾರೆ, ಇನ್ನೊಂದನ್ನ ಹಬ್ಬಕ್ಕೆ ಮನೇಲೇ ಕೊಯ್ದಿದಾರೆ, ಅದು ಆದಾಯನಾ? ಕೂಲಿ ವಾರಕ್ಕೆ ಮೂರು ದಿನ ಇರತ್ತೆ, ಕೆಲವು ತಿಂಗಳು ಇರಲ್ಲ, ಕೆಲವು ಸಲ ದುಡ್ಡಿನ ಬದಲು ಕಾಳು ಕೊಡ್ತಾರೆ. ದೂರದ ಸಿಟಿಲಿರೋ ಮಗ ಆವಾಗಾವಾಗ ಕಳಿಸ್ತಾನೆ, ಎಷ್ಟು ಅಂತ ಗಂಡನಿಗೆ ಗೊತ್ತಿಲ್ಲ, ಗೊತ್ತಾಗೋದೂ ಆಕೆಗೆ ಬೇಕಿಲ್ಲ, ಗಂಡ ಪಕ್ಕದಲ್ಲೇ ಕೂತಿದಾನೆ. ಮೇಕೆ ಮೇವಿಗೆ, ಔಷಧಿಗೆ ಹೋದ ಖರ್ಚನ್ನ ಕಳೀಬೇಕಾ ಬೇಡ್ವಾ? ಇಷ್ಟೆಲ್ಲ ಇದ್ದೂ ಆಕೆ ಒಂದು ರೌಂಡ್ ನಂಬರ್ ಹೇಳ್ತಾರೆ, ಸರ್ವೆ ಮಾಡೋ ಎನ್ಯೂಮರೇಟರ್ ಬರ್ಕೋತಾನೆ, ಅದು ಎಕ್ಸೆಲ್‌ಗೆ ಹೋಗಿ ಡೆಸಿಮಲ್ ಹಚ್ಕೊಂಡು ವಾಪಸ್ ಬರತ್ತೆ. ಅದಕ್ಕೇ ಬಡತನ ಅಳೆಯೋ ದೊಡ್ಡ ಸರ್ವೆಗಳಲ್ಲಿ, 1980ರಲ್ಲಿ ವಿಶ್ವ ಬ್ಯಾಂಕ್ ಶುರು ಮಾಡಿದ ಎಲ್‌ಎಸ್‌ಎಂಎಸ್ ಅನ್ನೋ ಜೀವನಮಟ್ಟದ ಸರ್ವೆ ಥರದ್ದರಲ್ಲಿ, ಆದಾಯಕ್ಕಿಂತ ಮನೆಯ ಬಳಕೆ ಮತ್ತೆ ಖರ್ಚಿನ ಮೇಲೆ ಜಾಸ್ತಿ ಭರವಸೆ ಇಡ್ತಾರೆ, ಆದಾಯ ತಿಂಗಳಿಂದ ತಿಂಗಳಿಗೆ ಕುಣಿಯತ್ತೆ, ಊಟ ಅಷ್ಟು ಕುಣಿಯಲ್ಲ.

ಆದ್ರೆ ಖರ್ಚು ಕೇಳಿದ ತಕ್ಷಣ ಎಲ್ಲ ಸರಿ ಹೋಗಲ್ಲ. ಭಾರತದ ಎನ್‌ಎಸ್‌ಎಸ್ (ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ) 1990ರ ದಶಕದಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿತ್ತು, ಕೆಲವು ಮನೆಗಳಿಗೆ ಕಳೆದ 30 ದಿನದ ಊಟದ ಖರ್ಚು ಕೇಳೋದು, ಇನ್ನು ಕೆಲವು ಮನೆಗಳಿಗೆ ಕಳೆದ 7 ದಿನದ್ದು. ಏಳು ದಿನ ಕೇಳಿದಾಗ ಜನ ಜಾಸ್ತಿ ಖರ್ಚು ನೆನಪಿಸ್ಕೊಂಡ್ರು, ಒಟ್ಟು ಲೆಕ್ಕದಲ್ಲಿ ಬಡವರ ಪ್ರಮಾಣವೇ ಸುಮಾರು ಅರ್ಧಕ್ಕೆ ಇಳಿಯೋ ಅಷ್ಟು ವ್ಯತ್ಯಾಸ ಬಂತು. ಒಬ್ಬರ ಜೀವನವೂ ಬದಲಾಗಿರಲಿಲ್ಲ, ಬದಲಾಗಿದ್ದು ಪ್ರಶ್ನೆ ಮಾತ್ರ. ಹಾಗಾಗಿ ಬೇರೆ ಏನೂ ಮಾಡೋಕೆ ಮುಂಚೆ ನಿಮ್ಮ ಬೇಸ್‌ಲೈನ್ ಫಾರ್ಮನ್ನೂ ಎಂಡ್‌ಲೈನ್ ಫಾರ್ಮನ್ನೂ ಪಕ್ಕಪಕ್ಕ ಇಟ್ಕೊಂಡು ಸಾಲು ಸಾಲು ಓದಿ. ಮಧ್ಯದಲ್ಲಿ ಯಾರೋ ಬಂದು ಫಾರ್ಮನ್ನ "ಇಂಪ್ರೂವ್" ಮಾಡಿರ್ತಾರೆ, ಒಂದು ಪ್ರಶ್ನೆ ನಾಲ್ಕಾಗಿರತ್ತೆ, ಹಾಗಾದ್ರೆ ಆದಾಯ ತನ್ನಷ್ಟಕ್ಕೇ ಏರತ್ತೆ. ಎರಡು ಸರ್ವೆನೂ ವರ್ಷದ ಒಂದೇ ಋತುಲಿ ಆಗಿದ್ಯಾ ನೋಡಿ, ಸುಗ್ಗಿ ಆದ್ಮೇಲೆ ಒಂದು, ಕೆಲಸ ಇಲ್ಲದ ತಿಂಗಳಲ್ಲಿ ಒಂದು ಆಗಿದ್ರೆ ಹೋಲಿಕೆನೇ ಇಲ್ಲ. ಮತ್ತೆ ಬೆಲೆ ಏರಿಕೆ ಕಳೆದಿದೀರಾ? ಮೂರು ವರ್ಷದಲ್ಲಿ ಬೆಲೆಗಳು 20% ಏರಿದ್ರೆ ನಿಮ್ಮ 30%ರಲ್ಲಿ ನಿಜವಾಗಿ ಉಳಿಯೋದು 8% ಅಷ್ಟೇ, 1.30ನ್ನ 1.20ರಿಂದ ಭಾಗಿಸಿ ನೋಡಿ.

ಫೀಲ್ಡ್ ಸ್ಟಾಫೇ ಸರ್ವೆ ಮಾಡಿದ್ದು ಅಂದ್ರಲ್ಲ, ಅವರು ಸುಳ್ಳು ಬರೆದಿದಾರೆ ಅಂತ ನಾನು ಹೇಳ್ತಿಲ್ಲ. ಮೇಕೆ ಕೊಟ್ಟವನೇ ಬಂದು "ಹೇಗಿದೆ ಈಗ, ಪರವಾಗಿಲ್ವಾ?" ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ಕೆಲವರು ಉಲ್ಟಾನೂ ಮಾಡ್ತಾರೆ, ಚೆನ್ನಾಗಿದೀವಿ ಅಂದ್ರೆ ಮುಂದಿನ ಕಂತು ಸಿಗಲ್ಲ ಅಂತ ಕಮ್ಮಿ ಹೇಳ್ತಾರೆ, ಅದಕ್ಕೇ ಈ ತಪ್ಪು ಯಾವ ಕಡೆಗೆ ವಾಲತ್ತೆ ಅಂತ ಮೊದಲೇ ಹೇಳೋಕೂ ಆಗಲ್ಲ. ಕೆಲಸ ಮಾಡಿದವರ ಕೈಲೇ ಅವರ ಮಾರ್ಕ್ಸ್ ಕಾರ್ಡ್ ಬರೆಸಬಾರದು, ನಿಯಮ ಇಷ್ಟೇ. ಬೇರೆಯವರನ್ನ ಇಡೋಕೆ ದುಡ್ಡಿಲ್ಲ ಅಂದ್ರೆ ಕೊನೇಪಕ್ಷ ಬ್ಯಾಕ್‌ಚೆಕ್ ಮಾಡ್ಸಿ, ಹತ್ತರಲ್ಲಿ ಒಂದು ಮನೆಗೆ ಬೇರೆ ಒಬ್ರು ಹೋಗಿ ಬದಲಾಗೋಕೆ ಚಾನ್ಸೇ ಇಲ್ಲದ ಪ್ರಶ್ನೆಗಳನ್ನ ಮತ್ತೆ ಕೇಳೋದು, ಛಾವಣಿ ಯಾವುದರದ್ದು, ಮನೇಲಿ ಎಷ್ಟು ಜನ, ದೊಡ್ಡ ಮಗ ಎಷ್ಟನೇ ಕ್ಲಾಸು. ಅದೇ ಹೊಂದಿಲ್ಲ ಅಂದ್ರೆ ಆದಾಯದ ಕಾಲಂ ನೋಡೋದೇ ಬೇಡ.

ಈಗ "ಬಡತನದಿಂದ ಹೊರಗೆ" ಅನ್ನೋ ಮಾತು. ಸರಾಸರಿ ಏರಿದ್ರೆ ಎಷ್ಟು ಮನೆ ಬಡತನದ ಗೆರೆ ದಾಟಿದ್ವು ಅಂತ ಗೊತ್ತಾಗಲ್ಲ, ನಾಲ್ಕೈದು ಮನೆ ಜೋರಾಗಿ ಏರಿದ್ರೂ ಸರಾಸರಿ ಏರತ್ತೆ. ಅದೂ ಅಲ್ದೆ ಯಾವ ಗೆರೆ? ವಿಶ್ವ ಬ್ಯಾಂಕ್‌ನ ಕಡುಬಡತನದ ಅಂತಾರಾಷ್ಟ್ರೀಯ ಗೆರೆ 2015ರಲ್ಲಿ ದಿನಕ್ಕೆ 1.90 ಡಾಲರ್ ಆಯ್ತು, 2022ರಲ್ಲಿ 2.15 ಆಯ್ತು, 2025ರ ಜೂನ್‌ನಿಂದ 3 ಡಾಲರ್. ಇವು ಬ್ಯಾಂಕಲ್ಲಿ ಬದಲಾಯಿಸೋ ಡಾಲರ್ ಅಲ್ಲ, ಆಯಾ ದೇಶದ ಬೆಲೆಮಟ್ಟಕ್ಕೆ ಹೊಂದಿಸಿದ ಕೊಳ್ಳೋ ಶಕ್ತಿಯ ಡಾಲರ್, ಮಾಮೂಲಿ ಎಕ್ಸ್‌ಚೇಂಜ್ ರೇಟ್ ಹಾಕಿ ಲೆಕ್ಕ ಮಾಡೋ ರಿಪೋರ್ಟ್‌ಗಳು ಇವತ್ತಿಗೂ ನನ್ನ ಟೇಬಲ್ಲಿಗೆ ಬರ್ತಾವೆ. ಗೆರೆ ದಾಟಿದವರು ಮುಂದಿನ ವರ್ಷ ಒಂದು ಆಸ್ಪತ್ರೆ ಖರ್ಚಿಗೆ ಮತ್ತೆ ಕೆಳಗೆ ಬರ್ತಾರೆ, ಒಂದು ದಿನ ಅಳೆದು ಹೊರಗೆ ತಂದ್ವಿ ಅನ್ನೋದು ಆ ದಿನಕ್ಕೆ ಮಾತ್ರ ನಿಜ. ಕೆಲವರು ಆದಾಯ ಬಿಟ್ಟು ಬಹು ಆಯಾಮದ ಬಡತನ ಸೂಚ್ಯಂಕ ಹಿಡ್ಕೋತಾರೆ, 2010ರಲ್ಲಿ ಆಕ್ಸ್‌ಫರ್ಡ್‌ನ ಸಂಸ್ಥೆ ಮತ್ತೆ ಯುಎನ್‌ಡಿಪಿ ತಂದಿದ್ದು, ಆರೋಗ್ಯ, ಶಿಕ್ಷಣ, ಜೀವನಮಟ್ಟ ಸೇರಿ 10 ಇಂಡಿಕೇಟರ್. ದೇಶದ ಚಿತ್ರಕ್ಕೆ ಅದು ಚೆನ್ನಾಗಿದೆ, ನಿಮ್ಮ ಮೇಕೆ ಪ್ರಾಜೆಕ್ಟಿಗೆ ಹೊಂದಲ್ಲ, ಮೇಕೆ ಕೊಟ್ರೆ ಶಾಲೆ ಓದಿದ ವರ್ಷಗಳು ಯಾಕೆ ಬದಲಾಗಬೇಕು? ನಿಮ್ಮ ಕೆಲಸ ಮುಟ್ಟೋಕೆ ಸಾಧ್ಯ ಇರೋದನ್ನ ಅಳೀರಿ, ವರ್ಷದಲ್ಲಿ ಎಷ್ಟು ತಿಂಗಳು ಊಟ ಕಡಿಮೆ ಮಾಡ್ಬೇಕಾಯ್ತು, ಎಷ್ಟು ಜಾನುವಾರು ಇದಾವೆ, ಬಡ್ಡಿ ಸಾಲ ಎಷ್ಟಿದೆ, ಈ ಥರದ್ದು.

ಬೋರ್ಡ್ ಮೆಂಬರ್ ವಿಷಯಕ್ಕೆ ಬರ್ತೀನಿ. ಆರ್‌ಸಿಟಿ ಮೇಲೆ ಅವರಿಗಿರೋ ಗೌರವ ಸುಮ್ನೆ ಬಂದಿದ್ದಲ್ಲ. ಮೈಕ್ರೋಕ್ರೆಡಿಟ್, ಅಂದ್ರೆ ಬಡವರಿಗೆ ಕೊಡೋ ಸಣ್ಣ ಸಾಲ, ಬಡತನಕ್ಕೆ ಮದ್ದು ಅಂತ ವರ್ಷಗಟ್ಟಲೆ ಫೋಟೋ ಸಮೇತ ಯಶೋಗಾಥೆ ಬರ್ತಿದ್ವು, 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕ್ಕೋ ಆರು ಕಡೆಯ ಲಾಟರಿ ಥರದ ಅಧ್ಯಯನ ಒಟ್ಟಿಗೆ ಬಂದಾಗ ಸರಾಸರಿ ಆದಾಯದಲ್ಲಿ ದೊಡ್ಡ ಬದಲಾವಣೆ ಎಲ್ಲೂ ಕಾಣಲಿಲ್ಲ. ಅದೇ ವರ್ಷ ನಿಮ್ಮ ಪ್ರಾಜೆಕ್ಟ್ ಥರದ್ದೇ, ಜಾನುವಾರು, ಟ್ರೈನಿಂಗ್, ಉಳಿತಾಯ, ಸ್ವಲ್ಪ ದಿನ ಊಟದ ಖರ್ಚು ಎಲ್ಲ ಸೇರಿಸಿ ಕೊಡೋ ಗ್ರಾಜುಯೇಷನ್ ಮಾದರಿಯನ್ನ ಆರು ದೇಶಗಳಲ್ಲಿ ನೋಡಿದ್ರು, ಅದ್ರಲ್ಲಿ ಬಳಕೆ, ಆಸ್ತಿ ಎರಡೂ ಏನೂ ಸಿಗದ ಕಂಟ್ರೋಲ್ ಗುಂಪಿಗಿಂತ ಮೇಲೆ ಬಂದ್ವು, ಕೊಡೋದು ನಿಂತ ಒಂದು ವರ್ಷದ ಮೇಲೂ ಉಳಿದಿದ್ವು. ಬಾಂಗ್ಲಾದೇಶದಲ್ಲಿ ಬ್ರಾಕ್ ಅನ್ನೋ ದೊಡ್ಡ ಎನ್‌ಜಿಒ 2002ರಲ್ಲಿ ಶುರು ಮಾಡಿದ ಮಾದರಿ ಅದು. ಇದನ್ನ ನಿಮ್ಮ ಬೋರ್ಡಿಗೆ ಹೇಳಿ, ಈ ಥರದ ಪ್ಯಾಕೇಜ್ ಬೇರೆ ಕಡೆ ಕೆಲಸ ಮಾಡಿದೆ ಅನ್ನೋ ಪುರಾವೆ ಆಗ್ಲೇ ಇದೆ, ಪ್ರತಿಯೊಂದು ಸಣ್ಣ ಸಂಸ್ಥೆನೂ ಅದನ್ನ ಮತ್ತೆ ಮೊದಲಿಂದ ಸಾಬೀತು ಮಾಡ್ಬೇಕಿಲ್ಲ. ನೀವು ತೋರಿಸಬೇಕಾಗಿರೋದು ನೀವು ಅದೇ ಪ್ಯಾಕೇಜನ್ನ ನೆಟ್ಟಗೆ ತಲುಪಿಸಿದ್ರಾ ಅನ್ನೋದು. ಆ ಆರು ದೇಶದಲ್ಲಿ ಹೊಂಡುರಾಸ್‌ನಲ್ಲಿ ಆಸ್ತಿ ಏರಲಿಲ್ಲ, ಯಾಕೆ ಅಂದ್ರೆ ಅಲ್ಲಿ ತುಂಬ ಮನೆಗಳಿಗೆ ಕೊಟ್ಟಿದ್ದ ಕೋಳಿಗಳು ರೋಗ ಬಂದು ಸತ್ತವು. ಕೋಳಿ ಸತ್ತಿದ್ದು ಲಾಟರಿ ಹೇಳೋ ವಿಷಯ ಅಲ್ಲ, ತಿಂಗಳ ತಿಂಗಳ ಮನೆಗೆ ಹೋಗಿ ಎಣಿಸೋ ಮಾನಿಟರಿಂಗ್ ಹೇಳೋ ವಿಷಯ. ನಿಮ್ಮ ಮೇಕೆ ಸಾವಿನ ಲೆಕ್ಕ ಇದ್ರೆ ಅದು ನಿಮ್ಮ ರಿಪೋರ್ಟ್‌ನ ಒಳ್ಳೇ ಪುಟ.

ಆರ್‌ಸಿಟಿಗೆ ಮನೆಗಳೂ ಬೇಕು, ಅದೂ ನೂರು ಇನ್ನೂರಲ್ಲ. ಹುಡುಕ್ತಿರೋ ಬದಲಾವಣೆ ಅರ್ಧ ಚಿಕ್ಕದಾದ್ರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, ಲಾಟರಿ ಊರಿನ ಮಟ್ಟದಲ್ಲಿ ಹಾಕಿದ್ರೆ ಮನೆ ಎಷ್ಟಿದ್ರೂ ಲೆಕ್ಕಕ್ಕೆ ಬರೋದು ಹೆಚ್ಚಾಗಿ ಊರುಗಳ ಸಂಖ್ಯೆ. ಸ್ಯಾಂಪಲ್ ಚಿಕ್ಕದಾಗಿ ಏನೂ ಕಾಣದೇ ಇದ್ರೆ "ಕೆಲಸ ಮಾಡಿಲ್ಲ" ಅಂತ ಯಾರೋ ಓದ್ತಾರೆ, ಅದು ಸುಳ್ಳು ಯಶಸ್ಸಿಗಿಂತ ಕಮ್ಮಿ ಅಪಾಯ ಏನಲ್ಲ.

ಹಾಗಾದ್ರೆ ಈಗ ಏನು ದಾರಿ? ಒಂದು, ಸರ್ಕಾರಿ ಸರ್ವೆ ಡೇಟಾದಲ್ಲಿ ಅದೇ ಪ್ರದೇಶದ ಬಡ ಮನೆಗಳು ಅದೇ ವರ್ಷಗಳಲ್ಲಿ ಎಷ್ಟು ಏರಿದ್ವು ನೋಡಿ ಪಕ್ಕದಲ್ಲಿಡೋದು. ಖರ್ಚಿಲ್ಲ, ಆದ್ರೆ ಅವರ ಪ್ರಶ್ನೆ, ನಿಮ್ಮ ಪ್ರಶ್ನೆ ಬೇರೆ ಇರತ್ತೆ, ಅದನ್ನ ಹಿನ್ನೆಲೆ ಅಂತ ಮಾತ್ರ ಕೊಡಿ. ಎರಡು, ಈಗ ಹೋಗಿ ಪಕ್ಕದ ಊರಲ್ಲಿ ಪ್ರಾಜೆಕ್ಟ್ ಸಿಗದವರನ್ನ ಹಿಡಿದು ಮೂರು ವರ್ಷದ ಹಿಂದೆ ಹೇಗಿದ್ರಿ ಅಂತ ಕೇಳೋದು. ಕನ್ಸಲ್ಟೆಂಟ್‌ಗಳು ಇದನ್ನೇ ಮಾರೋಕೆ ಬರ್ತಾರೆ, ನಾನಂತೂ ಬೇಡ ಅಂತೀನಿ. ಮೂರು ವರ್ಷದ ಹಿಂದಿನ ಆದಾಯ ಯಾರಿಗೂ ನೆನಪಿರಲ್ಲ, ಮತ್ತೆ ಪಕ್ಕದ ಊರು ನಿಮ್ಮ ಪ್ರಾಜೆಕ್ಟಿಂದ ಮುಟ್ಟಿಸಿಕೊಳ್ಳದೇ ಇರತ್ತೆ ಅಂತ ಏನು ಗ್ಯಾರಂಟಿ? ಕೀನ್ಯಾದ ಸಿಯಾಯಾ ಕೌಂಟಿಯಲ್ಲಿ 653 ಹಳ್ಳಿಗಳ ಒಂದು ದೊಡ್ಡ ಅಧ್ಯಯನದಲ್ಲಿ ಕೆಲವು ಮನೆಗಳಿಗೆ ನಗದು ಕೊಟ್ರೆ ದುಡ್ಡು ಸಿಗದ ಮನೆಗಳ ಖರ್ಚೂ ಏರ್ತು, ದುಡ್ಡು ಸಿಕ್ಕವರು ಪಕ್ಕದವರ ಅಂಗಡೀಲೇ ತಾನೇ ಖರ್ಚು ಮಾಡೋದು.

ಮೂರನೇದು ನಿಮ್ಮ ಅಳತೆಗೆ ಸರಿ ಹೋಗತ್ತೆ ಅಂತ ನನಗೆ ಅನ್ಸತ್ತೆ. ಇಪ್ಪತ್ತು ಮೂವತ್ತು ಮನೆಗಳಲ್ಲಿ ಆಳವಾದ ಸಂದರ್ಶನ, ಆದ್ರೆ ಪ್ರಾಜೆಕ್ಟ್ ಹೆಸರೇ ಎತ್ತಬಾರದು. ಬಾತ್ ವಿಶ್ವವಿದ್ಯಾಲಯದವರು ಕ್ವಿಪ್ ಅಂತ ಒಂದು ವಿಧಾನ ಮಾಡಿದಾರೆ, ಅದ್ರಲ್ಲಿ ಸಾಧ್ಯ ಆದಷ್ಟು ಕೇಳೋರಿಗೂ ಹೇಳೋರಿಗೂ ಯಾವ ಸಂಸ್ಥೆಗೆ ಇದು ಅಂತ ಗೊತ್ತಿರಲ್ಲ. "ಮೂರು ವರ್ಷದಲ್ಲಿ ನಿಮ್ಮ ಮನೇಲಿ ಏನು ಬದಲಾಯ್ತು, ಯಾಕೆ?" ಅಷ್ಟೇ ಕೇಳೋದು. ಯಾರೂ ಕೇಳದೇ ಅವರಾಗೇ ಮೇಕೆ ಮಾತು ತಂದ್ರೆ ಅದಕ್ಕೆ ತೂಕ ಇದೆ, ಇಪ್ಪತ್ತರಲ್ಲಿ ಹದಿನೈದು ಜನ ಮಗ ದುಡ್ಡು ಕಳಿಸಿದ್ದು, ಕೂಲಿ ರೇಟ್ ಏರಿದ್ದು ಅಂತ ಹೇಳಿ ಮೇಕೆ ಹೆಸರೇ ಎತ್ತದಿದ್ರೆ ಅದಕ್ಕೂ ತೂಕ ಇದೆ. ಎಷ್ಟು ಪರ್ಸೆಂಟ್ ಅಂತ ಇದು ಹೇಳಲ್ಲ, ಮತ್ತೆ ಒಳ್ಳೆ ಸಂದರ್ಶಕರು ಸಿಗದಿದ್ರೆ ಬರೀ ಹರಟೆ ಆಗತ್ತೆ.

ಮುಂದಿನ ಹಂತಕ್ಕೆ ದುಡ್ಡು ಬಂದ್ರೆ ಮಾತ್ರ ಮೆಕ್ಸಿಕೋ ಸರ್ಕಾರ ಬಡ ಮನೆಗಳಿಗೆ ನಗದು ಕೊಡೋಕೆ ತಂದ ಪ್ರೊಗ್ರೆಸಾ ಯೋಜನೇಲಿ ಮಾಡಿದ್ದನ್ನ ಮಾಡಿ. 1997ರಲ್ಲಿ ಶುರುವಾದಾಗ ಎಲ್ಲ ಕಡೆ ಒಟ್ಟಿಗೆ ತಲುಪೋಕೆ ಹೇಗಿದ್ರೂ ಆಗ್ತಿರಲಿಲ್ಲ, 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ಆಮೇಲೆ ಅಂತ ಲಾಟರಿಲಿ ಹಂಚಿದ್ರು, ಕಾದ ಹಳ್ಳಿಗಳೇ ಹೋಲಿಕೆಗೆ ಸಿಕ್ಕಿದ್ವು, ಯಾರಿಗೂ ಕಾಯಂ ಇಲ್ಲ ಅಂತ ಹೇಳಬೇಕಾಗಿ ಬರಲಿಲ್ಲ. ನೀವೂ ಹೇಗಿದ್ರೂ ಕಂತು ಕಂತಾಗಿ ಊರುಗಳಿಗೆ ಹೋಗ್ತೀರಲ್ಲ, ಯಾವ ಊರು ಮೊದಲು ಅನ್ನೋದನ್ನ ಯಾರೋ ಮುಖಂಡರ ಫೋನ್ ಕಾಲ್ ತೀರ್ಮಾನ ಮಾಡೋ ಬದಲು ಚೀಟಿ ಎತ್ತಿ, ಅದು ಜನಕ್ಕೂ ನ್ಯಾಯ ಅನ್ಸತ್ತೆ.

ರಿಪೋರ್ಟಲ್ಲಿ ಬರೆಯೋದಕ್ಕೆ ಹೀಗೊಂದು ಸಾಲು ಕೊಡ್ತೀನಿ, ಡೈರೆಕ್ಟರ್‌ಗೆ ತೋರಿಸಿ: "ಪ್ರಾಜೆಕ್ಟ್‌ನಲ್ಲಿದ್ದು ಎರಡೂ ಸಲ ಸಿಕ್ಕ ಮನೆಗಳು ಹೇಳಿದ ಆದಾಯ, ಬೆಲೆ ಏರಿಕೆ ಕಳೆದ ಮೇಲೆ, ಮೂರು ವರ್ಷದಲ್ಲಿ ಇಷ್ಟು ಏರಿದೆ. ಹೋಲಿಕೆ ಗುಂಪು ಇಲ್ಲದ ಕಾರಣ ಇದ್ರಲ್ಲಿ ಪ್ರಾಜೆಕ್ಟ್‌ನ ಪಾಲು ಎಷ್ಟು ಅಂತ ಬೇರೆ ಮಾಡೋಕೆ ಆಗಿಲ್ಲ. ಕೊಟ್ಟ ಮೇಕೆಗಳಲ್ಲಿ ಇಷ್ಟು ಉಳಿದಿವೆ, ಇಷ್ಟು ಮನೆಗಳು ಗುಂಪು ಬಿಟ್ಟಿವೆ." ಡೋನರ್ ಓಡಿ ಹೋಗ್ತಾರೆ ಅಂತ ಅವರಿಗೆ ಭಯ ಇರತ್ತೆ. ಡೋನರ್ ಆಫೀಸಲ್ಲಿ ಇದನ್ನ ಓದೋ ವ್ಯಕ್ತಿ ಸಾಮಾನ್ಯವಾಗಿ ನಿಮ್ಮ ಥರದ್ದೇ ಒಬ್ಬ ಎಂ ಅಂಡ್ ಇ ಆಫೀಸರ್, ಬಡತನದಿಂದ ಹೊರಗೆ ತಂದ್ವಿ ಅನ್ನೋ ಸಾಲು ಆತ ಎಷ್ಟು ಸಲ ಓದಿರ್ತಾನೆ ಅಂದ್ರೆ ಅದರ ಮೇಲೆ ಕಣ್ಣೇ ನಿಲ್ಲಲ್ಲ. ಡೈರೆಕ್ಟರ್ ಒಪ್ಪಲೇ ಇಲ್ಲ ಅಂದ್ರೆ ನಿಮ್ಮ ತಕರಾರನ್ನ ಇಮೇಲ್‌ನಲ್ಲಿ ಬರೆದಿಡಿ, ಬಾಯಲ್ಲಿ ಹೇಳಿ ಬಿಡ್ಬೇಡಿ.

ಉಳಿದ ದುಡ್ಡನ್ನ ಮೊದಲು ಆ ಕಳೆದುಹೋದ ಮನೆಗಳ ಮೇಲೆ ಹಾಕಿ, ಸಂದರ್ಶನಕ್ಕೆ ಉಳಿದ್ರೆ ಆಮೇಲೆ. ಐದರಲ್ಲಿ ಒಂದು ಅಂದ್ರೆ ಸಣ್ಣದಲ್ಲ. ಅವರು ಚೆನ್ನಾಗಾಗಿ ಸಿಟಿಗೆ ಹೋದ್ರಾ, ಸಾಲಕ್ಕೆ ಮೇಕೆ ಮಾರಿ ಊರು ಬಿಟ್ರಾ, ಉತ್ತರ ಯಾವುದು ಅನ್ನೋದರ ಮೇಲೆ ನಿಮ್ಮ ಇಡೀ ಲೆಕ್ಕ ಮೇಲೆ ಕೆಳಗೆ ಆಗತ್ತೆ. ಎಲ್ಲರನ್ನೂ ಹುಡುಕೋಕೆ ಆಗಲ್ಲ, ಪಟ್ಟಿಯಿಂದ ಲಾಟರಿ ಹಾಕಿ ಕಾಲು ಭಾಗ ಆರ್ಸಿ, ಅಷ್ಟನ್ನ ಮಾತ್ರ ಬೆನ್ನು ಹತ್ತಿ ಹುಡುಕ್ಸಿ, ಫೀಲ್ಡ್ ಸ್ಟಾಫ್ ಅಲ್ಲದವರ ಕೈಲಿ, ಹತ್ತು ಪ್ರಶ್ನೆಯ ಚಿಕ್ಕ ಫಾರ್ಮ್ ಕೊಟ್ಟು, ಫೋನಲ್ಲಾದ್ರೂ ಸರಿ. ಸುಲಭಕ್ಕೆ ಸಿಕ್ಕವರನ್ನ ಮಾತ್ರ ಮಾಡಿ ನಿಲ್ಲಿಸ್ಬೇಡಿ, ಹಾಗೆ ಮಾಡಿದ್ರೆ ಅದೇ ತಪ್ಪು ಇನ್ನೊಂದು ಸಲ ಆಗತ್ತೆ. ಅಲ್ಲೀವರೆಗೆ ಲೆಕ್ಕದಲ್ಲಿ ಎರಡು ಕೆಟ್ಟ ಊಹೆ ಹಾಕಿ ನೋಡಿ. ಶುರುವಿನಲ್ಲಿ ಎಲ್ಲರ ಆದಾಯ ಹೆಚ್ಚು ಕಮ್ಮಿ ಒಂದೇ ಇತ್ತು ಅಂದ್ಕೊಂಡು, ಸಿಗದವರಿಗೆ ಒಂದು ಪೈಸೆನೂ ಏರಿಲ್ಲ ಅಂದ್ರೆ ನಿಮ್ಮ 30% ಅನ್ನೋದು 24% ಆಗತ್ತೆ, ಅವರು 20% ಕೆಳಗೆ ಹೋಗಿದಾರೆ ಅಂದ್ರೆ 20% ಆಗತ್ತೆ, ಇದೂ ಬೆಲೆ ಏರಿಕೆ ಕಳೆಯೋಕೆ ಮುಂಚೆ. ಈ ಎರಡನ್ನೂ ರಿಪೋರ್ಟ್‌ನ ಅದೇ ಟೇಬಲ್ಲಿನಲ್ಲಿ ಪಕ್ಕದ ಕಾಲಂಗೆ ಹಾಕಿ, ಅನುಬಂಧಕ್ಕೆ ತಳ್ಳಬೇಡಿ.